ಟೈಮರ್ ಸರಿಯಿದ್ದರೂ ಏಡಿಗಳು ಹೊರಬರುವ ಹೊತ್ತು ದಿನದಿನಕ್ಕೂ ತಡವಾಗುತ್ತಿದೆ

ಪ್ರಶ್ನೆ: ಪ್ರಾಣಿಶಾಸ್ತ್ರ ಉಪನ್ಯಾಸಕಿ, ರಾಯಚೂರು

ಕಾರವಾರದ ಕಾಳಿ ನದಿಯ ಅಳಿವೆಯಿಂದ ತಂದ ಫಿಡ್ಲರ್ ಏಡಿಗಳನ್ನು ನಮ್ಮ ಪ್ರಯೋಗಾಲಯದಲ್ಲಿ ಕೆಸರು ಮತ್ತು ಉಪ್ಪುನೀರಿನ ಗಾಜಿನ ತೊಟ್ಟಿಯೊಂದರಲ್ಲಿ ಸಾಕುತ್ತಿದ್ದೇವೆ. ದೀಪ ಬೆಳಗ್ಗೆ 6ಕ್ಕೆ ಹೊತ್ತಿ ಸಂಜೆ 6ಕ್ಕೆ ಆರುತ್ತದೆ. ನೀರಿನ ಮಟ್ಟ ಸದಾ ಒಂದೇ. ಆದರೂ ಅವು ಬಿಲದಿಂದ ಹೊರಬಂದು ಓಡಾಡುವ ಹೊತ್ತು ಪ್ರತಿದಿನವೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತಿರುವುದು ಕ್ಯಾಮೆರಾದ ದಾಖಲೆಯಲ್ಲಿ ಕಾಣುತ್ತಿದೆ. ಟೈಮರ್ ಬದಲಿಸಿದರೂ ಪರಿಣಾಮವಿಲ್ಲ. ನಿಗದಿತ ಹೊತ್ತಿಗೆ ಹಾಕಿದ ಆಹಾರ ಉಳಿದು ನೀರು ಕೆಡುತ್ತಿದೆ. ದೋಷ ಎಲ್ಲಿರಬಹುದು?

ಉತ್ತರ: ನಿವೃತ್ತ ಪ್ರಾಧ್ಯಾಪಕ, ಬಳ್ಳಾರಿ

ಮೇಡಂ, ನಿಮ್ಮ ಟೈಮರಿನಲ್ಲಿ ದೋಷವಿಲ್ಲ. ಫಿಡ್ಲರ್ ಏಡಿಗಳು ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಮೇಯುವ ಪ್ರಾಣಿಗಳು. ಚಂದ್ರನ ದಿನವು 24 ಗಂಟೆ 50 ನಿಮಿಷಗಳಷ್ಟು ಉದ್ದವಿದ್ದು, ಅದರಲ್ಲಿ ಎರಡು ಉಬ್ಬರ, ಎರಡು ಇಳಿತಗಳು ಬರುವುದರಿಂದ ಪ್ರತಿ ಇಳಿತವೂ ಮರುದಿನ ಸುಮಾರು 50 ನಿಮಿಷ ತಡವಾಗುತ್ತದೆ; ನೀವು ದಾಖಲಿಸಿರುವ ಜಾರುವಿಕೆ ಇದೇ. ನೀರು ಏರಿಳಿಯದ ತೊಟ್ಟಿಯಲ್ಲಿಯೂ ಈ ಲಯ ಹಲವು ದಿನ ಉಳಿಯುತ್ತದೆ ಎಂಬುದೇ, ಅದನ್ನು ನಡೆಸುವ ಗಡಿಯಾರ ಏಡಿಯ ದೇಹದೊಳಗೇ ಇದೆ ಎಂಬುದಕ್ಕೆ ಸಾಕ್ಷಿ.

ಮೊದಲು ಭಾರತೀಯ ಸರ್ವೇಕ್ಷಣ ಇಲಾಖೆಯ ಉಬ್ಬರವಿಳಿತದ ಕೋಷ್ಟಕದಲ್ಲಿ ಕಾರವಾರದ ವೇಳೆಗಳನ್ನು ನೋಡಿ, ನಿಮ್ಮ ದಾಖಲೆಯ ಪಕ್ಕದಲ್ಲಿ ಬರೆದುಕೊಳ್ಳಿ. ಆರಂಭದಲ್ಲಿ ಎರಡೂ ಹತ್ತಿರವಿದ್ದು ಬರಬರುತ್ತ ದೂರವಾದರೆ, ಸಮುದ್ರದ ಸುಳಿವಿಲ್ಲದೆ ಒಳಗಿನ ಗಡಿಯಾರ ತನ್ನದೇ ವೇಗದಲ್ಲಿ ಓಡುತ್ತಿದೆ ಎಂದರ್ಥ. ದೀಪದ ವೇಳೆಯನ್ನು ಬದಲಿಸಬೇಡಿ. ಹಗಲಿರುಳಿನ ಗಡಿಯಾರ ಬೇರೆಯೇ ಇರಬಲ್ಲದು: ಏಡಿ, ಸೀಗಡಿಗಳ ಬಳಗದ ಯೂರಿಡೈಸ್ ಪಲ್ಕ್ರಾ ಎಂಬ ಸಣ್ಣ ಜೀವಿಯಲ್ಲಿ ಹಗಲಿರುಳಿನ ಗಡಿಯಾರವನ್ನು ಕೆಡಿಸಿದರೂ 12.4 ಗಂಟೆಗಳ (ಒಂದು ಉಬ್ಬರದಿಂದ ಮುಂದಿನ ಉಬ್ಬರದವರೆಗಿನ ಅವಧಿ) ಈಜಿನ ಲಯ ಮುಂದುವರಿಯಿತೆಂದು 2013ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ.

ಪ್ರಶ್ನೆ: ಮೀನುತೊಟ್ಟಿ ಹವ್ಯಾಸಿ, ಕೊಪ್ಪಳ

ಸರ್, ಚಂದ್ರನ ಸೆಳೆತ ನಮ್ಮ ಊರುಗಳಿಗೂ ಇದೆಯಲ್ಲವೇ? ಏಡಿಗಳು ರಾಯಚೂರಿನ ಚಂದ್ರನಿಗೆ ತಾವಾಗಿಯೇ ಹೊಂದಿಕೊಳ್ಳುವುದಿಲ್ಲವೇ?

ಉತ್ತರ: ನಿವೃತ್ತ ಪ್ರಾಧ್ಯಾಪಕ, ಬಳ್ಳಾರಿ

ಈ ವಾದವನ್ನು 1954ರಲ್ಲಿ ಅಮೆರಿಕದ ಜೀವವಿಜ್ಞಾನಿ ಫ್ರಾಂಕ್ ಬ್ರೌನ್ ಮುಂದಿಟ್ಟಿದ್ದರು. ಅಮೆರಿಕದ ಪೂರ್ವ ಕರಾವಳಿಯ ನ್ಯೂ ಹೇವನ್‌ನಿಂದ ಒಳನಾಡಿನ ಇವಾನ್‌ಸ್ಟನ್‌ಗೆ ತಂದ ಸಿಂಪಿಗಳು ಸುಮಾರು ಎರಡು ವಾರಗಳಲ್ಲಿ ಅಲ್ಲಿಯ ಚಂದ್ರನ ವೇಳೆಗೆ ತೆರೆದುಕೊಳ್ಳತೊಡಗಿದವು ಎಂದು ಅವರು ಹೇಳಿದರು. ಅವರ ಅಂಕಿಅಂಶಗಳ ವಿಶ್ಲೇಷಣೆ ತೀವ್ರ ಟೀಕೆಗೆ ಒಳಗಾಯಿತು. ಆ ತೀರ್ಮಾನ ಒಪ್ಪಿತವಾಗಲಿಲ್ಲ. ನಮ್ಮಲ್ಲಿ ಅದನ್ನು ಪರೀಕ್ಷಿಸುವುದೂ ಕಷ್ಟ, ಏಕೆಂದರೆ ರಾಯಚೂರು ಕಾರವಾರಕ್ಕಿಂತ ಸುಮಾರು 3.2 ಡಿಗ್ರಿ ಪೂರ್ವಕ್ಕಿದ್ದು, ಚಂದ್ರನ ವೇಳೆಯಲ್ಲಿ ಬರುವ ವ್ಯತ್ಯಾಸ ಹೆಚ್ಚೆಂದರೆ 13 ನಿಮಿಷ. ಏಡಿಗಳ ಸಹಜ ಏರುಪೇರಿನಲ್ಲಿ ಅದು ಮುಚ್ಚಿಹೋಗುತ್ತದೆ. ಗಡಿಯಾರವನ್ನು ಹೊಂದಿಸುವುದು ನೀರು ತರುವ ಬದಲಾವಣೆಗಳು: ಅಲೆಯ ಅಲುಗಾಟ, ಒತ್ತಡ, ಉಷ್ಣತೆ, ಉಪ್ಪಿನಂಶ. ಯುರೋಪಿನ ತೀರದ ಏಡಿ ಕಾರ್ಸಿನಸ್ ಮೀನಸ್‌ನಲ್ಲಿ ಮಸುಕಾದ ಲಯವನ್ನು, 4 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪುಮಾಡಿ ಪ್ರಾಣಿವಿಜ್ಞಾನಿ ಅರ್ನೆಸ್ಟ್ ನೇಯ್ಲರ್ ಮತ್ತೆ ಆರಂಭಿಸಿದ್ದರು. ಬೆಚ್ಚಗಿನ ಕಡಲಿನ ನಿಮ್ಮ ಏಡಿಗಳ ಮೇಲೆ ಈ ವಿಧಾನವನ್ನು ಪ್ರಯೋಗಿಸಬೇಡಿ.

ಪ್ರಶ್ನೆ: ಪ್ರಾಣಿಶಾಸ್ತ್ರ ಉಪನ್ಯಾಸಕಿ, ರಾಯಚೂರು

ಹಾಗಾದರೆ ಪಂಪಿನಿಂದ ಉಬ್ಬರವನ್ನು ಸೃಷ್ಟಿಸಬಹುದೇ ಸರ್? ಇಲ್ಲಿ ಆಗಾಗ ಕರೆಂಟ್ ಹೋಗುತ್ತದೆ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಬಳ್ಳಾರಿ

ಖಂಡಿತ. ಕೆಸರನ್ನು ಇಳಿಜಾರಾಗಿ ಜೋಡಿಸಿ, ಕೆಳಗೊಂದು ನೀರಿನ ತೊಟ್ಟಿ ಇಡಿ. ಪಂಪ್ ಓಡುವಾಗ ನೀರು ಮೇಲಕ್ಕೇರಿ ಹೆಚ್ಚಾದದ್ದು ಕೊಳವೆಯಿಂದ ಮರಳಲಿ. ನಿಂತಾಗ ಸಣ್ಣ ರಂಧ್ರದಿಂದ ನಿಧಾನವಾಗಿ ಇಳಿಯಲಿ. ಅಂಗಡಿಯಲ್ಲಿ ಸಿಗುವ 24 ಗಂಟೆಯ ಟೈಮರ್ ಇಲ್ಲಿ ನಡೆಯದು, ಅದು ದಿನವೂ ಒಂದೇ ವೇಳೆಗೆ ಉಬ್ಬರ ತರುತ್ತದೆ. ಆರ್ಡುಯಿನೊ ಎಂಬ, ಪ್ರೋಗ್ರಾಂ ಬರೆಯಬಹುದಾದ ಸಣ್ಣ ವಿದ್ಯುನ್ಮಾನ ಫಲಕದಲ್ಲಿ 745 ನಿಮಿಷಗಳ (ಚಂದ್ರನ ದಿನದ ಅರ್ಧ) ಆವರ್ತವನ್ನು ಬರೆದು, ಅರ್ಧ ಭಾಗ ಪಂಪ್ ಓಡುವಂತೆ ಮಾಡಿ. ಗುಂಡಿ ಬ್ಯಾಟರಿಯಿರುವ ಗಡಿಯಾರದ ಮಾಡ್ಯೂಲ್ ಜೋಡಿಸಿದರೆ ಕರೆಂಟ್ ಹೋಗಿ ಬಂದರೂ ವೇಳೆ ತಪ್ಪುವುದಿಲ್ಲ. ಬೇಸಿಗೆಯಲ್ಲಿ ರಾಯಚೂರಿನ ಬಿಸಿ 40 ಡಿಗ್ರಿ ದಾಟುವುದರಿಂದ, ನೀರಿನ ಉಷ್ಣತೆ ಒಂದೇ ಸಮನಿರಲಿ. ಇಲ್ಲವಾದರೆ ಹಗಲಿನ ಬಿಸಿಯೇ ಇನ್ನೊಂದು ಸೂಚನೆಯಾಗಿ ಫಲಿತಾಂಶವನ್ನು ಗೊಂದಲಗೊಳಿಸೀತು. ಆಹಾರವನ್ನು ಇಳಿತ ಆರಂಭವಾದ ಮೇಲೆಯೇ ಹಾಕಿ.

ಕೃತಕ ಇಳಿತವನ್ನು ಕಾರವಾರದ ವೇಳೆಗಿಂತ ಮೂರು ಗಂಟೆ ಮುಂದಕ್ಕಿಟ್ಟು ಆರಂಭಿಸಿ. ಏಡಿಗಳು ಅದಕ್ಕೆ ಒಗ್ಗಿದಂತೆ ಕಂಡಾಗ ಪಂಪನ್ನು ನಿಲ್ಲಿಸಿ, ನೀರಿನ ಮಟ್ಟವನ್ನು ಸ್ಥಿರವಾಗಿಟ್ಟು ದಾಖಲಿಸಿ. ಹೊಸ ವೇಳೆಗೇ ಹೊರಬರುತ್ತಿದ್ದರೆ ಗಡಿಯಾರ ಹೊಂದಿಕೊಂಡಿದೆ. ಹಳೆಯ ವೇಳೆಗೆ ಮರಳಿದರೆ ಅವು ನೀರು ಇಳಿದದ್ದನ್ನು ಕಂಡು ಬರುತ್ತಿದ್ದವಷ್ಟೇ, ಆಗ ಪಂಪಿನ ಆವರ್ತವನ್ನು ಇನ್ನಷ್ಟು ದಿನ ನಡೆಸಬೇಕು.