ಎರಡು ಏರ್‌ಲೈನ್ ಒಂದಾದ ಮೇಲೆ ಕಾಕ್‌ಪಿಟ್ ಎಸ್‌ಒಪಿ (ಕೆಲಸದ ನಿಗದಿತ ವಿಧಾನ): ಯಾರದ್ದು ಉಳಿಯಬೇಕು, ಯಾವಾಗ ಬದಲಾಗಬೇಕು?

ಲೈನ್‌ಟ್ರೇನರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 2024ರಲ್ಲಿ ನಮ್ಮ ದೇಶದಲ್ಲೇ ಎರಡು ವಿಲೀನ ಮುಗಿದವು. ಬೆಂಗಳೂರಿನಿಂದ ಹಾರಾಟ ಶುರುಮಾಡಿದ್ದ ಏರ್‌ಏಷ್ಯಾ ಇಂಡಿಯಾ, ಎಐಎಕ್ಸ್ ಕನೆಕ್ಟ್ ಅಂತ ಹೆಸರು ಬದಲಿಸಿಕೊಂಡು ಅಕ್ಟೋಬರ್ 1ಕ್ಕೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸೇರಿತು. ನವೆಂಬರ್ 12ಕ್ಕೆ ವಿಸ್ತಾರಾ ಏರ್ ಇಂಡಿಯಾ ಸೇರಿತು. ಆ ಸಂಸ್ಥೆಗಳ ಒಳಗಿನ ಮ್ಯಾನ್ಯುಯಲ್ ಬಗ್ಗೆ ನನ್ನ ಪ್ರಶ್ನೆ ಅಲ್ಲ, ಸಾಮಾನ್ಯವಾಗಿ ಕೇಳುತ್ತಿದ್ದೇನೆ. ಎರಡೂ ಕಡೆ ಏರ್‌ಬಸ್ ಎ320 ವಿಮಾನ ಇದೆ ಅಂತಿಟ್ಟುಕೊಳ್ಳಿ. ಸೀಟು ಅದೇ, ಲಿವರ್ ಅದೇ. ಆದರೆ ಫ್ಲೋ (ಸ್ವಿಚ್‌ಗಳನ್ನು ಹಾಕುತ್ತಾ ಹೋಗುವ ಕ್ರಮ) ಬೇರೆ, ಕಾಲೌಟ್ (ಜೋರಾಗಿ ಹೇಳಬೇಕಾದ ನಿಗದಿತ ಪದ) ಬೇರೆ, ಚೆಕ್‌ಲಿಸ್ಟ್ ಕೇಳುವ ಹೊತ್ತು ಬೇರೆ. ಒಬ್ಬರದನ್ನು ಪೂರ್ತಿ ಇಟ್ಟುಕೊಳ್ಳಬೇಕೋ, ಇಬ್ಬರದರಲ್ಲೂ ಒಳ್ಳೆಯದನ್ನು ಆರಿಸಬೇಕೋ? ಒಂದೇ ದಿನಕ್ಕೆ ಬದಲಿಸಬೇಕೋ, ಕಂತಿನಲ್ಲೋ? ಸಿಮ್ಯುಲೇಟರ್ ಸ್ಲಾಟ್ ಕಮ್ಮಿ ಇರುವಾಗ ಅದನ್ನು ಯಾವುದಕ್ಕೆ ಮೀಸಲಿಡಬೇಕು?

ಪಾರ್ಟ್_ಬಿ:

ಆರಿಸುವ ಮಾತು ಆಮೇಲೆ. ಮೊದಲು ಐದು ಕಾಲಮ್ಮಿನ ಪಟ್ಟಿ ಮಾಡಿ: ತಯಾರಕರು ಏನು ಬರೆದಿದ್ದಾರೆ, ಮೊದಲ ಸಂಸ್ಥೆ ಏನು ಮಾಡುತ್ತದೆ, ಎರಡನೆಯದು ಏನು ಮಾಡುತ್ತದೆ, ಆ ವ್ಯತ್ಯಾಸ ಯಾಕೆ ಬಂತು, ಈಗ ಏನು ತೀರ್ಮಾನ. ಆಪರೇಷನ್ಸ್ ಮ್ಯಾನ್ಯುಯಲ್‌ನ ಪಾರ್ಟ್ ಎ, ಬಿ, ಸಿ, ಡಿ (ಸಾಮಾನ್ಯ ನಿಯಮ, ವಿಮಾನ, ಮಾರ್ಗ, ತರಬೇತಿ) ನಾಲ್ಕನ್ನೂ ಸಾಲುಸಾಲಾಗಿ ಹೀಗೆ ಬಿಡಿಸಬೇಕು. ಹೆಚ್ಚು ಹೊತ್ತು ತಿನ್ನುವುದು, ಹೆಚ್ಚು ಬೆಲೆಬಾಳುವುದು ಎರಡೂ ಆ ‘ಯಾಕೆ’ ಕಾಲಮ್ಮೇ. ಕೆಲವು ನಿಯಮ ಒಂದು ಘಟನೆ ಆದಮೇಲೆ ಬಂದಿರುತ್ತವೆ, ಕೆಲವು ವಿಮಾನಯಾನ ನಿಯಂತ್ರಕ ಡಿಜಿಸಿಎ ಹೇಳಿದ್ದಕ್ಕೆ, ಕೆಲವು ಯಾವುದೋ ಕಾಲದ ಚೀಫ್ ಪೈಲಟ್‌ಗೆ ಹಾಗೆ ಇಷ್ಟವಾಗಿದ್ದಕ್ಕೆ. ಕಾರಣ ಸಿಕ್ಕರೆ ಅದನ್ನು ತೂಗಿ ನೋಡಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಆ ಸಾಲು ತಯಾರಕರ ಪಠ್ಯಕ್ಕೇ ವಾಪಸ್ ಹೋಗಲಿ.

ಇಬ್ಬರ ಮನಸ್ಸೂ ನೋಯಬಾರದು ಅಂತ ಅರ್ಧ ಅವರದ್ದು ಅರ್ಧ ಇವರದ್ದು ಮಾಡಬೇಡಿ. ಫ್ಲೋ ಮತ್ತು ಚೆಕ್‌ಲಿಸ್ಟ್ ಜೋಡಿ. ಒಂದು ಕೆಲಸ ಮಾಡಿಸುತ್ತದೆ, ಇನ್ನೊಂದು ಆಗಿದೆಯಾ ಅಂತ ನೋಡುತ್ತದೆ. ಒಂದು ಸಂಸ್ಥೆಯಲ್ಲಿ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಫ್ಲಾಪ್ (ಟೇಕಾಫ್‌ಗೆ ಇಳಿಸುವ, ರೆಕ್ಕೆಯ ಹಿಂಬದಿಯ ಹಲಗೆ) ಹಾಕಿ ಅಲ್ಲೇ ಚೆಕ್ ಮಾಡಿ ಮುಗಿಸುತ್ತಾರೆ, ಇನ್ನೊಂದರಲ್ಲಿ ಟ್ಯಾಕ್ಸಿಯಲ್ಲಿ, ಅಂದರೆ ನೆಲದ ಮೇಲೆ ರನ್‌ವೇ ಕಡೆ ಸಾಗುವಾಗ, ಹಾಕಿ ಟ್ಯಾಕ್ಸಿ ಚೆಕ್‌ಲಿಸ್ಟ್‌ನಲ್ಲಿ ನೋಡುತ್ತಾರೆ ಅನ್ನಿ. ಎರಡನೆಯವರ ಸ್ಟಾರ್ಟ್ ಫ್ಲೋ ತಗೊಂಡು ಮೊದಲನೆಯವರ ಟ್ಯಾಕ್ಸಿ ಚೆಕ್‌ಲಿಸ್ಟ್ ಜೋಡಿಸಿದರೆ ಫ್ಲಾಪ್ ಅನ್ನುವ ಪದ ಎರಡರಲ್ಲೂ ಇರುವುದಿಲ್ಲ. ಕಾಗದದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಎರಡೂ ಪುಟ ತಮ್ಮಷ್ಟಕ್ಕೆ ಸರಿಯಾಗೇ ಇವೆ.

1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ 255, ಒಂದು ಎಂಡಿ-82, ಫ್ಲಾಪ್ ಮತ್ತು ಸ್ಲ್ಯಾಟ್ (ರೆಕ್ಕೆಯ ಮುಂಬದಿಯ ಹಲಗೆ) ಇಳಿಸದೆ ಹೊರಟು ಬಿತ್ತು. ವಿಮಾನದಲ್ಲಿದ್ದ 154 ಮಂದಿ, ನೆಲದ ಮೇಲಿದ್ದ ಇಬ್ಬರು ತೀರಿಕೊಂಡರು. ಟ್ಯಾಕ್ಸಿ ಚೆಕ್‌ಲಿಸ್ಟ್ ಮಾಡಿರಲಿಲ್ಲ, ಎಚ್ಚರಿಸಬೇಕಿದ್ದ ವ್ಯವಸ್ಥೆಗೆ ವಿದ್ಯುತ್ ಇರಲಿಲ್ಲ. ನಾರ್ತ್‌ವೆಸ್ಟ್ ಹಿಂದಿನ ವರ್ಷವಷ್ಟೇ ರಿಪಬ್ಲಿಕ್ ಏರ್‌ಲೈನ್ಸನ್ನು ಸೇರಿಸಿಕೊಂಡಿತ್ತು. ತನಿಖೆ ವಿಲೀನವನ್ನು ಕಾರಣ ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಒಂದೇ ಒಂದು ಸಾಲು ಜಾರಿದರೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಅದನ್ನು ನೆನಪಿಸಿದೆ. ಎ320ಯಲ್ಲಿ ಟೇಕಾಫ್‌ಗೆ ವಿಮಾನ ಸಿದ್ಧವಿದೆಯಾ ಅಂತ ನೋಡುವ ಟಿ.ಒ. ಕಾನ್ಫಿಗ್ ಬಟನ್ ಒತ್ತಿದರೆ ಈ ತಪ್ಪು ಹೊರಬೀಳುತ್ತದೆ, ನಿಜ. ಆದರೆ ಆ ಬಟನ್ ಯಾರು, ಯಾವಾಗ ಒತ್ತಬೇಕು ಅನ್ನುವುದೂ ಅದೇ ಪಟ್ಟಿಯ ಒಂದು ಸಾಲು.

ನಾಸಾಕ್ಕಾಗಿ ಡೆಗಾನಿ ಮತ್ತು ವೀನರ್ ಮಾಡಿದ ಅಧ್ಯಯನದಲ್ಲಿ ನಾಲ್ಕು ಹಂತ ಇವೆ: ತತ್ವ, ನೀತಿ, ವಿಧಾನ, ರೂಢಿ. ಬಹಳ ಜನ ಮೂರನೆಯದರಿಂದ ಶುರುಮಾಡಿ ಕಾಲೌಟ್ ಪದಗಳ ಮೇಲೆ ತಿಂಗಳುಗಟ್ಟಲೆ ಜಗಳ ಆಡುತ್ತಾರೆ. ಆಟೊಮೇಷನ್ ಎಷ್ಟು ಬಳಸಬೇಕು, ಯಾರ ಮಾತಿಗೆ ಅಪ್ರೋಚ್ (ಇಳಿಯಲು ರನ್‌ವೇ ಕಡೆ ಬರುವುದು) ನಿಲ್ಲಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ. ಪದಗಳ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಸಿಮ್‌_ಬೇ:

ಪಾರ್ಟ್_ಬಿ ಅವರ ಮಾತಿಗೆ ನನ್ನದೂ ಒಪ್ಪಿಗೆ. ಸಿಮ್ಯುಲೇಟರ್ ಬಗ್ಗೆ ಹೇಳುತ್ತೇನೆ. ಹೊಸ ಪದ ಬಾಯಿಪಾಠ ಮಾಡಿಸುವುದಕ್ಕೆ ನಾಲ್ಕು ಗಂಟೆಯ ಸ್ಲಾಟ್ ಹಾಳು ಮಾಡಬೇಡಿ. ಅದಕ್ಕೆ ಪ್ಯಾನೆಲ್‌ಗಳ ದೊಡ್ಡ ಚಿತ್ರ ಅಂಟಿಸಿದ ಗೋಡೆ, ಎರಡು ಕುರ್ಚಿ, ಎದುರುಬದುರು ಪೈಲಟ್‌ಗಳು ಸಾಕು. ಸಿಮ್ಯುಲೇಟರ್ ಬೇಕಾಗುವುದು ಒತ್ತಡದಲ್ಲಿ ಹಳೆಯ ಅಭ್ಯಾಸ ಮರುಕಳಿಸುವ ಜಾಗಕ್ಕೆ.

ಟೇಕಾಫ್ ನೋಡಿ. ಹಾರಿಸುವವರು ಎಂಜಿನ್ ಲಿವರನ್ನು ಸುಮಾರು 50 ಶೇಕಡಾ ಎನ್1ಗೆ (ಎಂಜಿನ್ ಫ್ಯಾನಿನ ವೇಗ) ತಂದು, ಎರಡೂ ಎಂಜಿನ್ ಸಮವಾದ ಮೇಲೆ ಫ್ಲೆಕ್ಸ್ (ಕಡಿಮೆ ಬಲದ ಟೇಕಾಫ್) ಹಂತಕ್ಕೆ ಕೂರಿಸಿ, ಎಫ್‌ಎಂಎ (ಆಟೊ ವ್ಯವಸ್ಥೆಗಳ ಸ್ಥಿತಿ ತೋರಿಸುವ ಪರದೆಯ ಸಾಲು) ಓದುತ್ತಾರೆ: ‘ಮ್ಯಾನ್ ಫ್ಲೆಕ್ಸ್ 58, ಎಸ್‌ಆರ್‌ಎಸ್, ರನ್‌ವೇ, ಆಟೊಥ್ರಸ್ಟ್ ಬ್ಲೂ’. 80 ನಾಟ್ ಒಳಗೆ ಪಕ್ಕದವರು ‘ಥ್ರಸ್ಟ್ ಸೆಟ್’ ಎನ್ನಬೇಕು. ನೂರಕ್ಕೆ ‘ಒನ್ ಹಂಡ್ರೆಡ್ ನಾಟ್ಸ್’, ಉತ್ತರ ‘ಚೆಕ್ಡ್’. ಬೋಯಿಂಗ್ 737ನಲ್ಲಿ ಆ ಕರೆ 80ಕ್ಕೇ ಇದೆ. 737ನಿಂದ ಎ320ಗೆ ಬಂದವರ ಬಾಯಿಂದ ದಣಿದ ದಿನ 80ಕ್ಕೇ ಕರೆ ಹೊರಡುತ್ತದೆ. ಸಣ್ಣ ವಿಷಯ ಅನಿಸಬಹುದು, ಆದರೆ ಆ ಕರೆಯಾದ ಮೇಲೆ ಯಾವುದಕ್ಕೆ ನಿಲ್ಲಿಸಬೇಕು, ಯಾವುದಕ್ಕೆ ಮುಂದುವರಿಯಬೇಕು ಅನ್ನುವ ಪಟ್ಟಿಯೇ ಬದಲಾಗುತ್ತದೆ. 95 ನಾಟ್‌ನಲ್ಲಿ ಒಂದು ಎಚ್ಚರಿಕೆ ಕೊಟ್ಟು ನೋಡಿ. ಒಬ್ಬರ ತಲೆಯಲ್ಲಿ ಅದು ಲೋ ಸ್ಪೀಡ್, ಇನ್ನೊಬ್ಬರಲ್ಲಿ ಹೈ ಸ್ಪೀಡ್. ‘ಸ್ಟಾಪ್’ ಅನ್ನುವ ಅಧಿಕಾರ ಒಂದು ಕಡೆ ಕ್ಯಾಪ್ಟನ್‌ಗೆ ಮಾತ್ರ, ಇನ್ನೊಂದು ಕಡೆ ಇಬ್ಬರಿಗೂ ಇದ್ದರಂತೂ ಆ ಎರಡು ಸೆಕೆಂಡ್ ಬಹಳ ಉದ್ದವಾಗುತ್ತದೆ.

ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು, ಇನ್ನೂ ಕಷ್ಟ, ಏಕೆಂದರೆ ಅದು ಅಪರೂಪ. ಏರ್‌ಬಸ್‌ನಲ್ಲಿ ‘ಗೋ ಅರೌಂಡ್, ಫ್ಲಾಪ್ಸ್’, ಆಮೇಲೆ ‘ಪಾಸಿಟಿವ್ ಕ್ಲೈಂಬ್’, ‘ಗೇರ್ ಅಪ್’. ಬೋಯಿಂಗ್‌ನಲ್ಲಿ ‘ಪಾಸಿಟಿವ್ ರೇಟ್’. ಪದ ಬೇರೆಯಾದರೂ ಅರ್ಥವಾಗುತ್ತದಲ್ಲ ಅನ್ನುತ್ತಾರೆ. ಆದರೆ ಕಿವಿ ಒಂದು ಪದಕ್ಕೆ ಕಾದಿರುವಾಗ ಬೇರೆ ಪದ ಬಂದರೆ ಕೈ ಒಂದು ಕ್ಷಣ ತಡೆಯುತ್ತದೆ, ಗೇರ್ ಕೆಳಗೇ ಉಳಿಯುತ್ತದೆ.

ಮಂಗಳೂರನ್ನು ಮರೆಯಬಾರದು. 2010ರ ಮೇ 22, ಟೇಬಲ್‌ಟಾಪ್ (ಗುಡ್ಡದ ಮೇಲಿನ) ರನ್‌ವೇ 24, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಫ್ಲೈಟ್ 812, 158 ಸಾವು. ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಎಂದರೂ ಅಸ್ಥಿರವಾದ ಅಪ್ರೋಚ್ ನಿಲ್ಲಲಿಲ್ಲ. ಆ ಪದ ಸಲಹೆಯೋ ಆಜ್ಞೆಯೋ ಅನ್ನುವುದನ್ನು ಎರಡು ಸಂಸ್ಥೆಗಳು ಎರಡು ರೀತಿ ಕಲಿಸಿದ್ದರೆ, ವಿಲೀನದ ಪಟ್ಟಿಯಲ್ಲಿ ಅದೇ ಮೊದಲ ಸಾಲಾಗಬೇಕು. ಯಾರೇ ಹೇಳಲಿ, ಹಾರಿಸುವವರು ಮಾಡಲೇಬೇಕು. ಸ್ಥಿರವಾಗಿರಬೇಕಾದ ಎತ್ತರ ಎಲ್ಲ ಹವೆಯಲ್ಲೂ 1000 ಅಡಿಯೋ, ಕಣ್ಣಿಗೆ ರನ್‌ವೇ ಕಾಣುವಾಗ 500 ಸಾಕೋ ಅನ್ನುವುದೂ ಇಬ್ಬರಿಗೂ ಒಂದೇ ಇರಲಿ. ಅಪ್ರೋಚ್‌ನಲ್ಲಿ ವೇಗ 5 ನಾಟ್ ಕೆಳಗೆ ಅಥವಾ 10 ಮೇಲೆ ಹೋದರೆ ‘ಸ್ಪೀಡ್’, ಇಳಿತ ನಿಮಿಷಕ್ಕೆ 1000 ಅಡಿ ದಾಟಿದರೆ ‘ಸಿಂಕ್ ರೇಟ್’, ವಾಲಿಕೆ 7 ಡಿಗ್ರಿ ದಾಟಿದರೆ ‘ಬ್ಯಾಂಕ್’. ಈ ಅಂಕಿಗಳನ್ನು ತಯಾರಕರದ್ದೇ ಇಟ್ಟುಕೊಳ್ಳುವುದು ಒಳ್ಳೆಯದು.

ಕ್ಯಾಬಿನ್‌_ರೆಡಿ:

ಕಾಕ್‌ಪಿಟ್ ಬಾಗಿಲ ಆಚೆಯವರನ್ನು ನೀವಿಬ್ಬರೂ ಬಿಟ್ಟಿರಿ. ಲ್ಯಾಂಡಿಂಗ್ ಮೆಮೊದಲ್ಲಿ (ಇಳಿಯುವ ಮುಂಚಿನ ಕೆಲಸಗಳ ಪರದೆಯ ಪಟ್ಟಿ) ಇನ್ನೂ ಆಗದ ಕೆಲಸದ ನೀಲಿ ಅಕ್ಷರ ಉಳಿಯಬಾರದು ಅಂತ ಎ320 ಚೆಕ್‌ಲಿಸ್ಟ್ ಕೇಳುತ್ತದೆ. ‘ಕ್ಯಾಬಿನ್ ರೆಡಿ’ಯನ್ನು ಒಂದು ಕಡೆ ಸಿಬ್ಬಂದಿ ಮುಂದಿನ ಪ್ಯಾನೆಲ್‌ನಲ್ಲಿ ಬಟನ್ ಒತ್ತಿ ತಿಳಿಸುತ್ತಾರೆ, ಇನ್ನೊಂದು ಕಡೆ ಇಂಟರ್‌ಫೋನ್‌ನಲ್ಲಿ. ಮಿಶ್ರ ಸಿಬ್ಬಂದಿ ಇದ್ದರೆ ಒಬ್ಬರು ಬಟನ್‌ಗೆ ಕಾಯುತ್ತಾರೆ, ಇನ್ನೊಬ್ಬರು ಫೋನ್‌ಗೆ, ಅಷ್ಟರಲ್ಲಿ 1000 ಅಡಿ ಬಂದಿರುತ್ತದೆ. ತುರ್ತು ಹೊರಹೋಗುವ ಆಜ್ಞೆಯ ಪದಗಳಂತೂ ಪೈಲಟ್ ಮತ್ತು ಕ್ಯಾಬಿನ್ ಇಬ್ಬರಿಗೂ ಒಂದೇ ರಾತ್ರಿ ಬದಲಾಗಬೇಕು.

ವಿಮಾನಗಳೂ ಅವಳಿಗಳಲ್ಲ. ಎಂಜಿನ್ ಬೇರೆ ಇರಬಹುದು, ಎಫ್‌ಎಂಜಿಸಿ (ಹಾರಾಟ ನಿರ್ವಹಿಸುವ ಕಂಪ್ಯೂಟರ್) ಹನಿವೆಲ್ ಅಥವಾ ಥೇಲ್ಸ್ ಇರಬಹುದು, ರನ್‌ವೇ ಮೀರುವುದನ್ನು ಎಚ್ಚರಿಸುವ ವ್ಯವಸ್ಥೆ ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ತಾನಾಗಿ ಕೂಗುವ ಎತ್ತರಗಳೂ ಕೊಂಡವರು ಆರಿಸಿದಂತೆ. ‘ಮಿನಿಮಮ್’ (ಇಳಿಯಬೇಕೋ ಬೇಡವೋ ತೀರ್ಮಾನಿಸುವ ಎತ್ತರ) ಅನ್ನು ವಿಮಾನವೇ ಕೂಗುತ್ತದೆ ಅಂತ ಸುಮ್ಮನಿರುವ ಪೈಲಟ್, ಕೂಗದ ವಿಮಾನದಲ್ಲಿ ಕೂತರೆ? ವಿಮಾನ ಕೂಗದಿದ್ದರೆ ಪಕ್ಕದವರು ಕೂಗಬೇಕು ಅಂತ ಬರೆದುಬಿಡಿ. ಟೇಲ್ ನಂಬರ್ ಪ್ರಕಾರ ಒಂದು ಪುಟದ ವ್ಯತ್ಯಾಸ ಪಟ್ಟಿ ಟ್ಯಾಬ್ಲೆಟ್‌ನಲ್ಲಿ ಇರಲಿ.

ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನವನ್ನು ಕರೆಯುವ ಹೆಸರು) ಕೂಡ ಸೇರಿಸಿ. ವಿಲೀನದ ಮೇಲೆ ವಿಸ್ತಾರಾ ಫ್ಲೈಟ್‌ಗಳು 2ರಿಂದ ಶುರುವಾಗುವ ನಾಲ್ಕಂಕಿಯ ಏರ್ ಇಂಡಿಯಾ ನಂಬರ್‌ಗೆ ಬಂದವು. ಹಳೆಯ ಹೆಸರಿಗೆ ಪಳಗಿದ ಕಿವಿ ಹೊಸ ಕರೆಯನ್ನು ಮೊದಲ ದಿನಗಳಲ್ಲಿ ಬಿಟ್ಟುಬಿಡುತ್ತದೆ.

ಲೈನ್‌ಟ್ರೇನರ್:

ಎಲ್ಲರಿಗೂ ಧನ್ಯವಾದ. ಒಂದೇ ದಿನವೋ ಕಂತೋ ಅನ್ನುವುದು ಉಳಿಯಿತು. ನಲವತ್ತು ಬದಲಾವಣೆ ಒಂದೇ ರಾತ್ರಿ ಅಂದರೆ ಜನ ಹೆದರುತ್ತಾರೆ.

ಪಾರ್ಟ್_ಬಿ:

ಎರಡೂ. ಒಬ್ಬರೇ ಮಾಡುವ ಕೆಲಸವನ್ನು, ಅಂದರೆ ತಮ್ಮ ಪ್ಯಾನೆಲ್ ಫ್ಲೋ, ಬ್ರೀಫಿಂಗ್ ಕ್ರಮ, ಕಾಗದಪತ್ರ ಇಂಥವನ್ನು ಮೊದಲೇ ಕಂತಿನಲ್ಲಿ ಬದಲಿಸಿ. ಇಬ್ಬರ ಮಾತು ತಾಳೆಯಾಗಬೇಕಾದ ಕಾಲೌಟ್, ಕೆಲಸ ಹಂಚಿಕೆ, ನಿಲ್ಲಿಸುವ ಅಧಿಕಾರ ಎಲ್ಲ ಒಂದೇ ಗಳಿಗೆಗೆ. ಅಲ್ಲಿಯವರೆಗೆ ಎರಡು ಕಡೆಯ ಪೈಲಟ್‌ಗಳನ್ನು ಒಂದೇ ಕಾಕ್‌ಪಿಟ್‌ನಲ್ಲಿ ಕೂರಿಸಬೇಡಿ. ರೋಸ್ಟರ್ ಸಾಫ್ಟ್‌ವೇರೇ ತಡೆಯುವಂತೆ ಅರ್ಹತಾ ಕೋಡ್ ಹಾಕಿ. ರಜೆಯಲ್ಲಿದ್ದವರು ಮಾಡ್ಯೂಲ್ ಮುಗಿಸದೆ ಡ್ಯೂಟಿಗೆ ಬಾರದಿರಲಿ.

ಆತುರ ಬೇಡ. ಡೆಲ್ಟಾ–ನಾರ್ತ್‌ವೆಸ್ಟ್ ಒಪ್ಪಂದ 2008ರ ಅಕ್ಟೋಬರ್ 29ಕ್ಕೆ ಮುಗಿದರೂ ಒಂದೇ ಸಂಸ್ಥೆಯಾಗಿ ಹಾರುವ ಪ್ರಮಾಣಪತ್ರ ಸಿಕ್ಕಿದ್ದು 2009ರ ಡಿಸೆಂಬರ್ 31ಕ್ಕೆ. ಯುನೈಟೆಡ್–ಕಾಂಟಿನೆಂಟಲ್‌ಗೂ ಸುಮಾರು 14 ತಿಂಗಳು ಹಿಡಿಯಿತು.

ಸಿಮ್‌_ಬೇ:

ಒಂದು ಸೇರಿಸುತ್ತೇನೆ. ಬದಲಾದ ಮೇಲೆ ಫ್ಲೈಟ್ ಡೇಟಾ ನೋಡುವ ಮುಂಚೆ ಎರಡು ಕಡೆಯ ಮಿತಿಗಳನ್ನು ಒಂದು ಮಾಡಿ. ಒಂದು ಕಡೆ 1000 ಅಡಿಗೆ, ಇನ್ನೊಂದು ಕಡೆ 500ಕ್ಕೆ ‘ಅಸ್ಥಿರ’ ಅಂತ ಎಣಿಸುತ್ತಿದ್ದರೆ ಆ ಹೋಲಿಕೆಯಲ್ಲಿ ಹುರುಳಿಲ್ಲ. ವೀಕ್ಷಕರ ಸೀಟಿನಲ್ಲಿ ಕೂರುವವರಲ್ಲೂ ಎರಡು ಕಡೆಯವರು ಇರಲಿ. ತಮ್ಮ ಹಳೆಯ ಅಭ್ಯಾಸ ಎದುರಿಗೇ ನಡೆದರೂ ಕಣ್ಣಿಗೆ ತಪ್ಪು ಅನಿಸುವುದಿಲ್ಲ.

ಮತ್ತೆ ಆ ರಾತ್ರಿ ಪ್ರತಿ ವಿಮಾನದಿಂದ ಹಳೆಯ ಚೆಕ್‌ಲಿಸ್ಟ್ ಕಾರ್ಡ್ ತೆಗೆಸಿ, ಎಣಿಸಿ ಸಹಿ ಹಾಕಿಸಿ. ಪಕ್ಕದ ಜೇಬಿನಲ್ಲಿ ಸಿಕ್ಕಿಸಿಟ್ಟದ್ದು, ಟ್ಯಾಬ್ಲೆಟ್‌ನಲ್ಲಿ ಸ್ವಂತಕ್ಕೆ ಉಳಿಸಿಕೊಂಡ ಪಿಡಿಎಫ್ ಸೇರಿ.