ಪದಚರ್ಚೆ: ಗೇಮ್ ಮಾಸ್ಟರ್‌ಗೆ ‘ಆಡಿಸುವವರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಪರಿಚಯ, ವಿಮರ್ಶೆ ಬರೆಯುತ್ತಿದ್ದೇನೆ. ಯಾವ ಗೇಮ್ ಯಾರಿಗೆ ಹಿಡಿಸೀತು ಎಂದು ಹೇಳುವುದು ಉದ್ದೇಶ. ಬರೆಯುತ್ತಾ ಹೋದಂತೆ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕು ಅನಿಸಿತು. ಮುಖ್ಯವಾಗಿ ‘ಆಡು’, ‘ಆಡಿಸು’ ಎಂಬ ಜೋಡಿಯ ಬಗ್ಗೆ.

ಈ ಆಟಗಳನ್ನು ನೋಡದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಉಳಿದ ಲೋಕವನ್ನೆಲ್ಲ ನೋಡಿಕೊಳ್ಳುತ್ತಾರೆ. ಎದುರಾಗುವ ಶತ್ರು, ದಾರಿಹೋಕ, ಮಳೆ, ಮುಚ್ಚಿದ ಬಾಗಿಲು ಎಲ್ಲವೂ ಅವರ ಪಾಲಿಗೆ. ‘ಈಗ ಏನು ಮಾಡ್ತೀರಿ?’ ಎಂದು ಅವರು ಕೇಳುತ್ತಾರೆ, ಆಟಗಾರರು ಹೇಳುತ್ತಾರೆ. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ದಾಳ ಉರುಳುತ್ತದೆ. ಯುದ್ಧದ ಆಟಗಳಿಂದ ಕವಲೊಡೆದ ಈ ಬಗೆಯಲ್ಲಿ ಮೊದಲು ಹೆಸರಾದದ್ದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಲೋಕ ನೋಡಿಕೊಳ್ಳುವ ಆ ಒಬ್ಬರನ್ನು ಏನೆಂದು ಕರೆಯುವುದು? ಸಾಮಾನ್ಯವಾಗಿ ಗೇಮ್ ಮಾಸ್ಟರ್ ಅನ್ನುತ್ತಾರೆ, ಆದರೆ ಇಂಗ್ಲಿಷಿನಲ್ಲೇ ಎಲ್ಲ ಗೇಮ್‌ಗಳಿಗೂ ಒಂದೇ ಹೆಸರಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಅವರು ಡಂಜನ್ ಮಾಸ್ಟರ್. 1977ರ ‘ಟ್ರಾವೆಲರ್’ನಲ್ಲಿ ರೆಫರಿ. 1981ರ ‘ಕಾಲ್ ಆಫ್ ಕುತುಲು’ವಿನಲ್ಲಿ ಕೀಪರ್. 1991ರ ‘ವ್ಯಾಂಪೈರ್: ದ ಮಾಸ್ಕರೇಡ್’ನಲ್ಲಿ ಸ್ಟೋರಿಟೆಲರ್. ಇವು ಸುಮ್ನೆ ಇಟ್ಟ ಹೆಸರುಗಳಲ್ಲ. ರೆಫರಿ ಅಂದರೆ ತೀರ್ಪು ಕೊಡುವವರು. ಸ್ಟೋರಿಟೆಲರ್ ಅಂದರೆ ಕತೆಯನ್ನು ಮುಂದೆ ನಿಂತು ಒಯ್ಯುವವರು. ಹೆಸರು ನೋಡಿದರೇ ಆ ಗೇಮ್ ಅವರಿಂದ ಏನು ಬಯಸುತ್ತದೆ ಎಂದು ಗೊತ್ತಾಗುತ್ತದೆ.

ಕನ್ನಡದಲ್ಲಿ ಥಟ್ಟನೆ ಹೊಳೆಯುವುದು ‘ಸೂತ್ರಧಾರ’. ನಾಟಕದ ಅರ್ಥದಲ್ಲಿ ಚೆನ್ನಾಗಿದೆ. ಆದರೆ ಈಗ ಆ ಪದ ಜಾಸ್ತಿ ಕಾಣುವುದು ‘ಸಂಚಿನ ಸೂತ್ರಧಾರ’ ಎಂಬ ಸುದ್ದಿಗಳಲ್ಲಿ. ‘ನಿರೂಪಕ’ ಅಂದರೆ ಟಿವಿ ಕಾರ್ಯಕ್ರಮ ನಡೆಸಿಕೊಡುವವರು. ‘ನಿರ್ವಾಹಕ’ ಅಂದರೆ ಬಸ್ಸಿನ ಕಂಡಕ್ಟರ್. ಹಾಗಾಗಿ ನಾನು ‘ಆಡಿಸುವವರು’ ಎಂದು ಬರೆಯುತ್ತಿದ್ದೇನೆ. ಉಳಿದವರು ಆಡುವವರು. ಗಂಡು, ಹೆಣ್ಣು ಎಂಬ ತೊಡಕೂ ಇಲ್ಲ.

ಕರಡು ಓದಿದ ಗೆಳೆಯರೊಬ್ಬರು ಇದನ್ನು ಒಪ್ಪಲಿಲ್ಲ. ಆಡಿಸುವುದು ಅಂದರೆ ಬೊಂಬೆ ಆಡಿಸಿದ ಹಾಗೆ ಕೇಳುತ್ತದೆ, ಆಟಗಾರರು ಅವರ ಕೈಗೊಂಬೆ ಆಗಿಬಿಡುತ್ತಾರೆ ಎಂದರು. ಮಾತಿನಲ್ಲಿ ಹುರುಳಿದೆ. ಎಲ್ಲವನ್ನೂ ಮೊದಲೇ ತೀರ್ಮಾನಿಸಿ, ಯಾರು ಏನೇ ಮಾಡಿದರೂ ಕತೆಯನ್ನು ತಾನು ಅಂದುಕೊಂಡ ಕಡೆಗೇ ಎಳೆಯುವವರು ಈ ಆಟದಲ್ಲಿ ಎಲ್ಲರಿಗೂ ಬೇಸರ ತರಿಸುತ್ತಾರೆ. 2010ರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಂತೂ ಕತೆಯನ್ನು ಮುಂಚಿತವಾಗಿ ಹೆಣೆದಿಡಬೇಡಿ ಎಂದು ನಿಯಮದ ಪುಸ್ತಕವೇ ಆಡಿಸುವವರಿಗೆ ಹೇಳುತ್ತದೆ.

ಆದರೂ ಪದವನ್ನು ಬಿಡಲು ನನಗೆ ಮನಸ್ಸಿಲ್ಲ. ನಮ್ಮ ‘-ಇಸು’ ಬರೀ ಬಲವಂತ ಅಲ್ಲ, ಅಲ್ವಾ? ‘ಕಷ್ಟಪಟ್ಟು ಮಗಳನ್ನು ಓದಿಸಿದರು’ ಅಂದಾಗ ಯಾರೂ ಕೈಗೊಂಬೆಯನ್ನು ನೆನೆಯುವುದಿಲ್ಲ. ಓದಿದ್ದು ಮಗಳೇ, ಓದುವ ಹಾಗೆ ಮಾಡಿದ್ದು ಅವರು. ‘ಮಗುವನ್ನು ಸ್ವಲ್ಪ ಆಡಿಸ್ತಿರಿ’ ಅಂದಾಗಲೂ ಅಷ್ಟೇ, ನಗುವುದು ಮಗು. ಗೇಮ್ ಮಾಸ್ಟರ್ ಮಾಡುವ ಕೆಲಸವೂ ಇದೇ. ಬೇರೆಯವರು ಆಡುವುದಕ್ಕೆ ಜಾಗ ಮಾಡಿಕೊಡುವುದು. ಅದಕ್ಕೆ ಇಷ್ಟು ಒಪ್ಪುವ ಪದ ನನಗೆ ಇನ್ನೊಂದು ಸಿಕ್ಕಿಲ್ಲ.

ಈ ಜೋಡಿ ವಿಮರ್ಶೆಗೆ ಕೊಡುವ ಲಾಭ ಇನ್ನೂ ದೊಡ್ಡದು. ‘ಹೊಸಬರಿಗೆ ಯಾವ ಗೇಮ್ ಒಳ್ಳೆಯದು?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ‘ಇದು ಸುಲಭ, ತಗೊಳ್ಳಿ’ ಎಂಬುದು. ಯಾವುದು ಸುಲಭ? ಓದುವುದೋ, ಆಡುವುದೋ, ಆಡಿಸುವುದೋ? ಮೂರೂ ಬೇರೆ ಬೇರೆ. ಕನ್ನಡದಲ್ಲಿ ಮೂರಕ್ಕೂ ಕ್ರಿಯಾಪದ ಸಿದ್ಧವಾಗಿರುವಾಗ ಸಲಹೆ ಕೊಡುವವರು ಬಿಡಿಸಿ ಹೇಳಬೇಕು.

‘ಲೇಸರ್ಸ್ ಅಂಡ್ ಫೀಲಿಂಗ್ಸ್’ ನೋಡಿ. ಜಾನ್ ಹಾರ್ಪರ್ ಮಾಡಿದ್ದು, ಇಡೀ ಗೇಮ್ ಒಂದೇ ಪುಟ. ಪಾತ್ರಕ್ಕೆ ಇರುವುದು 2ರಿಂದ 5ರ ಒಳಗಿನ ಒಂದೇ ಸಂಖ್ಯೆ. ಯಂತ್ರ, ತರ್ಕದ ಕೆಲಸವಾದರೆ ದಾಳದಲ್ಲಿ ಅದಕ್ಕಿಂತ ಕಮ್ಮಿ ಬೀಳಬೇಕು. ಮಾತು, ಮನಸ್ಸಿನ ಕೆಲಸವಾದರೆ ಜಾಸ್ತಿ ಬೀಳಬೇಕು. ಓದಲು ಐದು ನಿಮಿಷ, ಆಡಲು ತುಂಬಾ ಸಲೀಸು. ಆಡಿಸಲು? ಪುಟದಲ್ಲಿರುವ ಪಟ್ಟಿಗಳಿಂದ ಒಂದು ಅಪಾಯದ ಎಳೆ ಸಿಗುತ್ತದೆ, ಅಷ್ಟೇ. ಮಿಕ್ಕಿದ್ದನ್ನು ಅಲ್ಲೇ ಕಟ್ಟಬೇಕು. ಬಾಯಿಗೆ ಬಂದಂತೆ ಕತೆ ಕಟ್ಟುವ ರೂಢಿ ಇರುವವರಿಗೆ ಇದು ಹಬ್ಬ. ಮೊದಲ ಸಲ ಆಡಿಸುವವರ ಕೈಗೆ ಮಾತ್ರ ನಾನು ಇದನ್ನು ಕೊಡುವುದಿಲ್ಲ.

‘ಕಾಲ್ ಆಫ್ ಕುತುಲು’ ಬೇರೆ ಥರ. ಪಾತ್ರದ ವಿವರ ಬರೆದಿಟ್ಟ ಹಾಳೆಯಲ್ಲಿ ‘ಗ್ರಂಥಾಲಯದಲ್ಲಿ ಹುಡುಕುವುದು 60’ ಎಂದಿದ್ದರೆ, ನೂರರ ದಾಳದಲ್ಲಿ 60 ಅಥವಾ ಅದಕ್ಕಿಂತ ಕಮ್ಮಿ ಬಿದ್ದರೆ ಸಿಕ್ಕಿತು. ನೂರಕ್ಕೆ ಎಷ್ಟು ಸಲ ಆಗುತ್ತದೆ ಎಂಬುದು ಕಣ್ಣೆದುರೇ ಬರೆದಿರುತ್ತದೆ. ಎಂದೂ ಆಡದವರಿಗೂ ಒಂದೇ ಮಾತಿನಲ್ಲಿ ಹೇಳಿಕೊಡಬಹುದು. ಆಡಿಸುವವರಿಗೆ ಮಾತ್ರ ತಯಾರಿ ಬೇಕು. ಅದು ರಹಸ್ಯ ಬಿಡಿಸುವ ಆಟವಾದ್ದರಿಂದ ಯಾವ ಸುಳಿವು ಎಲ್ಲಿದೆ, ಅದು ತಪ್ಪಿಹೋದರೆ ಇನ್ನೊಂದು ದಾರಿ ಯಾವುದು ಎಂದು ಮೊದಲೇ ಓದಿಕೊಂಡು ಬರಬೇಕು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಆವೃತ್ತಿಯಲ್ಲಿ ಆಟಗಾರರ ಪುಸ್ತಕವೊಂದೇ 300 ಪುಟ ದಾಟುತ್ತದೆ. ಓದಲು ಭಾರ, ನಿಜ. ಆದರೆ ಆಡುವವರು ತಮ್ಮ ಪಾತ್ರದ ಹಾಳೆ ನೋಡಿಕೊಂಡರೆ ಮೊದಲ ಆಟ ನಡೆದುಹೋಗುತ್ತದೆ.

2009ರ ‘ಫಿಯಾಸ್ಕೋ’ ಬಗ್ಗೆ ಬರೆಯುವಾಗಲಂತೂ ಈ ಪದ ಕೈಹಿಡಿಯಿತು. ಮೂರರಿಂದ ಐದು ಜನ, ಗೇಮ್ ಮಾಸ್ಟರ್ ಇಲ್ಲವೇ ಇಲ್ಲ. ನಿಮ್ಮ ಸರದಿ ಬಂದಾಗ ಎರಡು ದಾರಿ. ದೃಶ್ಯವನ್ನು ನೀವು ಶುರು ಮಾಡಿದರೆ, ಅದು ಒಳ್ಳೆಯದಾಗಿ ಮುಗಿಯುತ್ತೋ ಕೆಟ್ಟದಾಗಿ ಮುಗಿಯುತ್ತೋ ಎಂದು ಉಳಿದವರು ತೀರ್ಮಾನಿಸುತ್ತಾರೆ. ಅವರು ಶುರು ಮಾಡಿದರೆ ತೀರ್ಮಾನ ನಿಮ್ಮದು. ‘ಗೇಮ್ ಮಾಸ್ಟರ್ ಬೇಕಾಗಿಲ್ಲ’ ಎಂದು ಬರೆದರೆ ಓದುವವರಿಗೆ ಹೊರೆ ಕಮ್ಮಿ ಅನಿಸುತ್ತದೆ. ‘ಇಲ್ಲಿ ಎಲ್ಲರೂ ಆಡಬೇಕು, ಎಲ್ಲರೂ ಆಡಿಸಬೇಕು’ ಎಂದು ಬರೆದರೆ ಇದ್ದದ್ದು ಇದ್ದ ಹಾಗೆ ತಿಳಿಯುತ್ತದೆ.

ಇನ್ನು ದಾಳ. ಪಗಡೆಯ ಮಾತಿನಲ್ಲಿ ದಾಳ ಬಿದ್ದ ಎಣಿಕೆಗೆ ‘ಗರ’ ಎನ್ನುತ್ತಾರೆ. ‘ಒಳ್ಳೆ ಗರ ಬಿತ್ತು’ ಅಂದರೆ ನನಗೆ ಜೀವಂತ ಕನ್ನಡ. ಹೊಸ ಓದುಗರಿಗೆ ತಿಳಿಯುತ್ತದೆಯೇ? ನಿಮ್ಮ ಮನೆಮಾತಿನಲ್ಲಿ ಇದು ಈಗಲೂ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಇದರ ಜೊತೆಗೇ ಒಂದು ಕಷ್ಟದ ಪದವಿದೆ. ‘ಅಪಾಕಲಿಪ್ಸ್ ವರ್ಲ್ಡ್’ ಮತ್ತು ಅದರ ಜಾಡಿನಲ್ಲಿ ಬಂದ ಗೇಮ್‌ಗಳಲ್ಲಿ ಆರು ಮುಖದ ಎರಡು ದಾಳ ಉರುಳಿಸಿ, ಪಾತ್ರದ ಗುಣದ ಅಂಕ ಕೂಡಿಸುತ್ತಾರೆ. 10 ಅಥವಾ ಹೆಚ್ಚು ಬಂದರೆ ಪೂರ್ತಿ ಗೆಲುವು. 6 ಅಥವಾ ಕಮ್ಮಿ ಬಂದರೆ ಆಡಿಸುವವರು ತೊಂದರೆ ತಂದಿಡುತ್ತಾರೆ. ನಡುವಿನ 7ರಿಂದ 9ರಲ್ಲಿ ಕೆಲಸ ಆಗುತ್ತದೆ, ಆದರೆ ಏನೋ ತೆರಬೇಕು. ಕಳ್ಳಿಯೊಬ್ಬಳು ಕೋಟೆಯ ಗೋಡೆ ಹತ್ತುತ್ತಿದ್ದಾಳೆ ಎನ್ನಿ. ಬಿದ್ದದ್ದು 3 ಮತ್ತು 5, ಗುಣದ ಅಂಕ ಸೊನ್ನೆ, ಒಟ್ಟು 8. ಆಡಿಸುವವರು ಹೇಳುತ್ತಾರೆ: ‘ಹತ್ತಿದೆ. ಆದ್ರೆ ಕಾವಲಿನವನು ಬರ್ತಿದ್ದಾನೆ. ಹಗ್ಗ ಎಳ್ಕೊಳ್ಳೋಕೆ ನಿಂತ್ರೆ ಕಾಣಿಸ್ತೀಯ. ಬಿಟ್ಟು ಓಡಿದ್ರೆ ಇಳಿಯೋಕೆ ಹಗ್ಗ ಇರಲ್ಲ. ಏನ್ ಮಾಡ್ತೀಯ?’ ಗುಣದ ಅಂಕ ಸೊನ್ನೆ ಇದ್ದಾಗ 36ರಲ್ಲಿ 15 ಸಲ ಈ ನಡುವಿನ ಫಲವೇ ಬರುತ್ತದೆ. ಪೂರ್ತಿ ಗೆಲುವು ಬರೀ 6 ಸಲ. ಅಂದರೆ ಆ ಗೇಮ್‌ನ ರುಚಿಯೇ ಈ ‘ಆದ್ರೆ’ಯಲ್ಲಿದೆ. ಇದಕ್ಕೆ ‘ಭಾಗಶಃ ಯಶಸ್ಸು’ ಎಂದು ಬರೆದರೆ ಕಚೇರಿಯ ವರದಿ ಆಗುತ್ತದೆ. ಅರ್ಥವೂ ತಪ್ಪು, ಏಕೆಂದರೆ ಅವಳು ಗೋಡೆಯನ್ನು ಅರ್ಧ ಹತ್ತಿಲ್ಲ, ಪೂರ್ತಿ ಹತ್ತಿದ್ದಾಳೆ. ಸದ್ಯಕ್ಕೆ ‘ತೆತ್ತು ಗೆದ್ದದ್ದು’ ಎಂದು ಇಟ್ಟುಕೊಂಡಿದ್ದೇನೆ. ಕೇಳಲು ಸ್ವಲ್ಪ ಒರಟು.

‘ಪಾತ್ರಾಭಿನಯದ ಆಟ’ ಎಂಬ ಅನುವಾದವನ್ನು ನಾನು ಬಳಸುವುದಿಲ್ಲ. ಅಭಿನಯ ಅಂದ ಕೂಡಲೇ ಸಂಕೋಚದ ಜನ ಹಿಂದೆ ಸರಿಯುತ್ತಾರೆ. ದನಿ ಬದಲಿಸಬೇಕಾಗಿಲ್ಲ, ಎದ್ದು ನಿಲ್ಲಬೇಕಾಗಿಲ್ಲ. ‘ನನ್ನ ಪಾತ್ರ ಬಾಗಿಲಿಗೆ ಕಿವಿ ಇಡುತ್ತಾಳೆ’ ಅಂದರೂ ಅದು ಆಡಿದ ಹಾಗೆಯೇ. ‘ಪಾತ್ರದ ಆಟ’ ಸಾಕು ಅನಿಸುತ್ತದೆ. ಹಲವು ಸಲ ಕೂತು ಮುಂದುವರಿಸುವ ಒಂದೇ ಕತೆಗೆ ಹೇಳುವ ‘ಕ್ಯಾಂಪೇನ್’ ಹಾಗೇ ಇರಲಿ, ‘ಅಭಿಯಾನ’ ಅಂದರೆ ಸ್ವಚ್ಛತೆಯದೋ ಲಸಿಕೆಯದೋ ನೆನಪಾಗುತ್ತದೆ.

ನನಗೆ ಮುಖ್ಯವಾಗಿ ಬೇಕಿರುವುದು ಎರಡು. ‘ಆಡಿಸುವವರು’ ಎಂದು ಓದಿದ ತಕ್ಷಣ ನಿಮಗೆ ಬೊಂಬೆ ಮೊದಲು ಹೊಳೆಯುತ್ತದೆಯೋ, ಮಗು ಮೊದಲೋ? ಮತ್ತು ಆ ‘ತೆತ್ತು ಗೆದ್ದದ್ದು’ ಎಂಬುದಕ್ಕೆ ಆಡುಮಾತಿನಲ್ಲಿ ಇದಕ್ಕಿಂತ ನಯವಾದ, ಮೇಜಿನ ಸುತ್ತ ಕೂತವರು ಸಲೀಸಾಗಿ ಹೇಳಬಹುದಾದ ಮಾತು ನಿಮ್ಮ ಕಡೆ ಇದೆಯೇ?