ಪಕ್ಕದ ಪಿನ್ನಿನ ನಾಬ್ ತಿರುಗಿಸಿದರೆ ಬ್ಯಾಟರಿಯ ವೋಲ್ಟೇಜ್ ಅಂಕಿ ಬದಲಾಗುತ್ತಿದೆ

ಪ್ರಶ್ನೆ:
12 ವೋಲ್ಟ್ ಬ್ಯಾಟರಿಯೊಂದನ್ನು ಆರ್ಡುಯಿನೊ ಊನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿನಿಂದ ಅಳೆಯುತ್ತಿದ್ದೇನೆ. ಬ್ಯಾಟರಿ ಸುಮ್ಮನೆ ಖಾಲಿಯಾಗಬಾರದೆಂದು ಮೇಲೆ 1 ಮೆಗಾ ಓಮ್, ಕೆಳಗೆ 470 ಕಿಲೊ ಓಮ್ ರೆಸಿಸ್ಟರ್ ಹಾಕಿ, ನಡುವಿನ ಬಿಂದುವನ್ನು ಎ0 ಪಿನ್ನಿಗೆ ಕೊಟ್ಟಿದ್ದೇನೆ. ಪಕ್ಕದ ಎ1ರಲ್ಲಿ ಪೊಟೆನ್ಶಿಯೋಮೀಟರ್ (ನಾಬ್ ತಿರುಗಿಸಿ ವೋಲ್ಟೇಜ್ ಬದಲಿಸುವ ರೆಸಿಸ್ಟರ್) ಇದೆ. ಮಲ್ಟಿಮೀಟರ್ 12.60 ತೋರಿಸುವಾಗ ನನ್ನ ಲೆಕ್ಕಕ್ಕೆ 13.4 ಬರುತ್ತದೆ, ನಾಬನ್ನು ಸೊನ್ನೆಗೆ ಇಳಿಸಿದರೆ ಅದೇ ಅಂಕಿ 12.7ರ ಹತ್ತಿರಕ್ಕೆ ಜಾರುತ್ತದೆ. ನನ್ನ ಸೂತ್ರ: ಎ0ರಿಂದ ಓದಿದ ಅಂಕಿ × 5 ÷ 1024 × 3.128 (ರೆಸಿಸ್ಟರ್‌ಗಳ ಅನುಪಾತ). ತಪ್ಪು ಎಲ್ಲಿದೆ?

ಉತ್ತರ:
ಸೂತ್ರದ ರೂಪ ಸರಿಯಾಗಿದೆ. ದಯವಿಟ್ಟು ಅಂಕಿ ಹೊಂದುವವರೆಗೂ ಗುಣಕವನ್ನು ತಿದ್ದುತ್ತಾ ಹೋಗಬೇಡಿ, ಹಾಗೆ ಮಾಡಿದರೆ ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಊನೊದ ಚಿಪ್ಪಿನಲ್ಲಿ ಎಲ್ಲ ಅನಲಾಗ್ ಪಿನ್ನುಗಳಿಗೂ ಸೇರಿ ಇರುವುದು ಒಂದೇ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ), ಅದರ ಒಳಗೆ ಸುಮಾರು 14 ಪಿಕೊಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಎ1 ಓದಿದಾಗ ಅದರಲ್ಲಿ ಉಳಿದ ವೋಲ್ಟೇಜನ್ನು ಅಳಿಸಿ ಎ0ರ ವೋಲ್ಟೇಜಿಗೆ ತರಲು ಸುಮಾರು 12 ಮೈಕ್ರೊಸೆಕೆಂಡ್ ಮಾತ್ರ ಸಿಗುತ್ತದೆ. ನಿಮ್ಮ ಎರಡು ರೆಸಿಸ್ಟರ್‌ಗಳು ಪಿನ್ನಿನ ಕಡೆಯಿಂದ 320 ಕಿಲೊ ಓಮ್‌ನಂತೆ ಕಾಣುವುದರಿಂದ ಅಷ್ಟರಲ್ಲಿ ಅದು ಪೂರ್ತಿ ತುಂಬುವುದಿಲ್ಲ, ಹಳೆಯ ವೋಲ್ಟೇಜಿನ ಪಾಲು ಉಳಿದುಬಿಡುತ್ತದೆ. ತಯಾರಕರು ಸೂಚಿಸುವ ಮಿತಿ 10 ಕಿಲೊ ಓಮ್. ಎ0 ಮತ್ತು ಗ್ರೌಂಡ್ ನಡುವೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ, ಸೆಕೆಂಡಿಗೆ ಕೆಲವೇ ಬಾರಿ ಓದಿ ನೋಡಿ. ಹಾಗೆಯೇ 5 ವೋಲ್ಟ್ ಪಿನ್ನನ್ನು ಮೀಟರಿನಲ್ಲಿ ಅಳೆದು ತಿಳಿಸಿ.

ಪ್ರಶ್ನೆ ಕೇಳಿದವರು:
ಕೆಪಾಸಿಟರ್ ಹಾಕಿದ ಮೇಲೆ ನಾಬ್ ತಿರುಗಿಸಿದರೂ ಅಂಕಿ ಕದಲುತ್ತಿಲ್ಲ, ಆದರೆ 13.35ರಲ್ಲಿ ನಿಂತಿದೆ. ಯುಎಸ್‌ಬಿಯಿಂದ ಬರುವ 5 ವೋಲ್ಟ್ ವಾಸ್ತವವಾಗಿ 4.72 ಇದೆ.

ಉತ್ತರ:
ಉಳಿದ ವ್ಯತ್ಯಾಸವೆಲ್ಲ ಅಲ್ಲಿಯೇ ಇದೆ. ಎಡಿಸಿ ಹೇಳುವುದು ಪಿನ್ನಿನ ವೋಲ್ಟೇಜ್ ರೆಫರೆನ್ಸ್‌ನ (ಹೋಲಿಕೆಗೆ ಬಳಸುವ ವೋಲ್ಟೇಜ್, ನಿಮ್ಮಲ್ಲಿ ಆ 5 ವೋಲ್ಟ್ ಪಿನ್ನಿನದೇ) ಎಷ್ಟು ಪಾಲು ಎಂಬುದನ್ನು ಮಾತ್ರ. ನಿಮಗೆ ಬಂದಿರುವ ಅಂಕಿ 874 ಇರಬೇಕು. ಸೂತ್ರದಲ್ಲಿ 5ರ ಬದಲು 4.72 ಇಟ್ಟರೆ 12.60 ಬರುತ್ತದೆ. ಆದರೆ ಯುಎಸ್‌ಬಿ ವೋಲ್ಟೇಜ್ ಹೊರೆಗೆ ತಕ್ಕಂತೆ ಏರಿಳಿಯುವುದರಿಂದ, ಶಾಶ್ವತವಾಗಿ ಇಡುವ ಸಾಧನಕ್ಕೆ ಚಿಪ್ಪಿನೊಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸುವುದೇ ಲೇಸು. ಅದು ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬೇರೆಯಾಗಿರಬಹುದು, ಆ ರೆಫರೆನ್ಸ್ ಹೊರಗೆ ಸಿಗುವ ಎರೆಫ್ ಪಿನ್ನಿನಲ್ಲಿ ಒಮ್ಮೆ ಅಳೆದು ಆ ಬೆಲೆಯನ್ನೇ ಪ್ರೋಗ್ರಾಮಿನಲ್ಲಿ ಬರೆಯಿರಿ. ಆಗ ಮೇಲೆ 68, ಕೆಳಗೆ 4.7 ಕಿಲೊ ಓಮ್ ಹಾಕಿದರೆ 15 ವೋಲ್ಟ್ ಇದ್ದರೂ ಪಿನ್ನಿಗೆ 0.97 ವೋಲ್ಟ್ ಮಾತ್ರ ಬರುತ್ತದೆ, 10 ಕಿಲೊ ಓಮ್ ಮಿತಿಯೂ ಪಾಲನೆಯಾಗುತ್ತದೆ. ಇದಕ್ಕೆ ಬ್ಯಾಟರಿಯಿಂದ ಹರಿಯುವುದು ಸುಮಾರು 0.2 ಮಿಲಿಆಂಪಿಯರ್.